ಮಾನವ ಹಕ್ಕುಗಳ ಸಂಶೋಧನೆಗೆ ಇಳಿಯುವವರಿಗೆ: ಆಯೋಗ, ಎನ್‌ಜಿಒ, ಕೋರ್ಟು, ವಿಶ್ವವಿದ್ಯಾಲಯ, ಕಂಪನಿ – ಯಾವುದು ಯಾರಿಗೆ?

ಎಂಎಸ್‌ಡಬ್ಲ್ಯೂ, ಎಲ್‌ಎಲ್‌ಬಿ ಇಲ್ಲವೇ ರಾಜ್ಯಶಾಸ್ತ್ರದ ಎಂಎ ಮುಗಿಸಿದ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗ ಹುಡುಗಿಯರು ಈಗೀಗ ಒಂದು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಮಾನವ ಹಕ್ಕುಗಳ ಸಂಶೋಧನೆಯಲ್ಲಿ ಕೆಲಸ ಮಾಡಬೇಕು, ಎಲ್ಲಿ ಸೇರಲಿ?

ಕೆಲಸ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಜನರ ಮಾತು ಕೇಳಬೇಕು. ದಾಖಲೆ ಹುಡುಕಬೇಕು. ಎರಡನ್ನೂ ತಾಳೆ ನೋಡಬೇಕು. ಆಮೇಲೆ ಬರೆಯಬೇಕು. ಬೇರೆಯಾಗುವುದು ಬರೆದ ಮೇಲೆ. ಅದನ್ನು ಯಾರು ಓದುತ್ತಾರೆ, ಯಾರು 'ಇದಕ್ಕೇನು ಸಾಕ್ಷಿ?' ಅಂತ ಕೇಳುತ್ತಾರೆ ಅನ್ನುವುದರಲ್ಲಿ. ಸಂಬಳ, ಊರು, ಸಂಸ್ಥೆಯ ಹೆಸರು ಎಲ್ಲಕ್ಕಿಂತ ಮೊದಲು ಇದನ್ನು ನೋಡಿ ಅನ್ನುತ್ತೇನೆ ನಾನು. ಪ್ರಶ್ನೆ ಮಾಡುವವರೇ ಇಲ್ಲದ ಕಡೆ ಮೂರು ವರ್ಷ ಕಳೆದರೆ ಕೈ ಪಳಗುವುದಿಲ್ಲ, ನಾಲಿಗೆ ಮಾತ್ರ ಪಳಗುತ್ತದೆ.

ಸುಮ್ನೆ ಮಾತಿನಲ್ಲಿ ಹೋಲಿಸಿದರೆ ಗೊತ್ತಾಗುವುದಿಲ್ಲ. ಒಂದೇ ವಿಷಯ ತೆಗೆದುಕೊಂಡು ಪ್ರತಿ ದಾರಿಯಲ್ಲೂ ಅದು ಏನಾಗುತ್ತದೆ ಅಂತ ನೋಡೋಣ.

ಮುಕಾದಮನ ಡೈರಿ

ಅಥಣಿ ಕಡೆಯ ಒಂದು ಕಬ್ಬಿನ ಹೊಲ ಅಂದುಕೊಳ್ಳಿ. ಕಾರ್ಖಾನೆ ಶುರುವಾದ ಕೂಡಲೇ ಮಹಾರಾಷ್ಟ್ರದ ಬೀಡದಿಂದಲೋ, ವಿಜಯಪುರದ ತಾಂಡಾಗಳಿಂದಲೋ ಕಡಿಯುವ ಗ್ಯಾಂಗ್ ಬರುತ್ತದೆ. ಗ್ಯಾಂಗಿನ ಮುಕಾದಮನ (ಕೂಲಿಯವರನ್ನು ಕರೆತರುವ ಮೇಸ್ತ್ರಿಯ) ಕೈಯಲ್ಲಿ ಒಂದು ಡೈರಿ. ಒಂದೊಂದು ಹಾಳೆಗೆ ಒಂದೊಂದು ಹೆಸರು. ಹೆಸರಿನ ಮುಂದೆ ಕೊಟ್ಟ ಮುಂಗಡ. ಅದರ ಕೆಳಗೆ ದವಾಖಾನೆ, ಸಂತೆ, ಕಿರಾಣಿ ಅಂತ ಏರಿಸುತ್ತಾ ಹೋದದ್ದು. ಕೊನೆಗೆ ಒಂದು ಹೆಬ್ಬೆಟ್ಟು. ಗಂಡ ಹೆಂಡತಿ ಸೇರಿ ಒಂದು ಜೋಡಿ ಅಂತ ಲೆಕ್ಕ. ಹಾಗಾಗಿ ಹೆಂಡತಿಯ ಹೆಸರು ಡೈರಿಯಲ್ಲೇ ಇರುವುದಿಲ್ಲ. ಕೂಲಿ ಟನ್ನಿನ ಮೇಲೆ. ಆದರೆ ಕಾರ್ಖಾನೆಯ ತೂಕದ ಚೀಟಿ ಇರುವುದು ರೈತರ ಹತ್ತಿರ, ಗಾಡಿಯವರ ಹತ್ತಿರ. ಕಡಿದವರ ಕೈಯಲ್ಲಿ ಏನೂ ಇಲ್ಲ. ಸೀಸನ್ ನಡುವೆ ಊರಿಗೆ ಹೊರಟರೆ, 'ಮೊದಲು ಬಾಕಿ ತೀರಿಸು' ಅನ್ನುವ ಮಾತು ಬರುತ್ತದೆ.

ಇದು ಜೀತವಾ, ಅಲ್ಲವಾ? ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೇಸಿನಲ್ಲಿ ಹೇಳಿದೆ. ಅಂದರೆ ವಿಶ್ಲೇಷಕರ ಕೆಲಸ ಇಲ್ಲಿ ಲೆಕ್ಕದ ಕೆಲಸ. ಡೈರಿಯ ಹಾಳೆ, ತೂಕದ ಚೀಟಿ, ಕೂಲಿಯವರ ಮಾತು, ಮೂರನ್ನೂ ಪಕ್ಕ ಪಕ್ಕ ಇಡಬೇಕು. ಎಷ್ಟು ಟನ್, ಎಷ್ಟು ದಿನ, ದಿನಕ್ಕೆ ಎಷ್ಟು ತಾಸು. ಬಂದ ಮೊತ್ತವನ್ನು ಎರಡರಿಂದ ಭಾಗಿಸಬೇಕು, ಯಾಕಂದರೆ ದುಡಿದವರು ಇಬ್ಬರು. ಬಹಳ ವರದಿಗಳು ಎಡವುವುದು ಈ ಭಾಗಾಕಾರದಲ್ಲಿ. ಜೋಡಿಯ ಕೂಲಿಯನ್ನು ಒಬ್ಬರ ಕನಿಷ್ಠ ಕೂಲಿಗೆ ಹೋಲಿಸಿ ಎಲ್ಲ ಸರಿ ಇದೆ ಅಂತ ಬರೆದುಬಿಡುತ್ತಾರೆ.

ಆಯೋಗ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರ ಕಾಯ್ದೆಯಿಂದ ಹುಟ್ಟಿದ್ದು. ನಮ್ಮ ರಾಜ್ಯದ ಆಯೋಗ 2007ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದೆ. ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಸಂಶೋಧನೆಯೂ ಆಯೋಗದ ಕೆಲಸ ಅಂತಲೇ ಬರೆದಿದೆ. ಅದನ್ನು ಓದಿ ತೀರಾ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಬಹಳ ಹುದ್ದೆಗಳಿಗೆ ಬೇರೆ ಇಲಾಖೆಗಳಿಂದ ನಿಯೋಜನೆ ಮೇಲೆ ಬರುತ್ತಾರೆ. ಹೊರಗಿನವರಿಗೆ ಹೆಚ್ಚಾಗಿ ಸಿಗುವುದು ಗುತ್ತಿಗೆ ಕೆಲಸ, ಇಂಟರ್ನ್‌ಶಿಪ್. ದೆಹಲಿಯ ಆಯೋಗ ಬೇಸಿಗೆ ಮತ್ತು ಚಳಿಗಾಲದಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್ ಕೊಡುತ್ತದೆ. ಎರಡು ವಾರದ ಆನ್‌ಲೈನ್‌ದೂ ಇದೆ. ಆನ್‌ಲೈನ್‌ದನ್ನು ಗೋಕಾಕದ ಮನೆಯಲ್ಲಿ ಕೂತೇ ಮಾಡಬಹುದು. ಓದುತ್ತಿರುವಾಗಲೇ ಅರ್ಜಿ ಹಾಕಿ, ಮುಗಿದ ಮೇಲೆ ಅಲ್ಲ.

ನಮ್ಮ ಡೈರಿ ಇಲ್ಲಿಗೆ ಬಂದರೆ ಏನಾಗುತ್ತದೆ? ದೂರು ದಾಖಲಾಗುತ್ತದೆ. ಜಿಲ್ಲಾಧಿಕಾರಿ, ಎಸ್‌ಪಿ ಅವರಿಂದ ವರದಿ ಕೇಳುತ್ತಾರೆ. ಬಂದ ವರದಿಯನ್ನೂ ದೂರನ್ನೂ ಎದುರುಬದುರು ಇಟ್ಟು ಓದುವುದೇ ಮೇಜಿನ ಕೆಲಸ. ಕಡತ ಓದುವ ಕಣ್ಣು ಇಲ್ಲಿ ಬರುವಷ್ಟು ಬೇರೆಲ್ಲೂ ಬರುವುದಿಲ್ಲ. 'ಸ್ಥಳ ಪರಿಶೀಲಿಸಲಾಗಿದೆ' ಅಂತ ಬರೆದವರು ಯಾವ ದಿನ ಹೋಗಿದ್ದರು, ಅಂದು ಗ್ಯಾಂಗ್ ಆ ಹೊಲದಲ್ಲಿತ್ತಾ ಅಂತ ಕೇಳುವುದನ್ನು ಇಲ್ಲಿ ಕಲಿಯಬಹುದು. ಮಿತಿ ಎರಡು. ಒಂದು, ಆಯೋಗ ಶಿಫಾರಸು ಮಾಡುತ್ತದೆ, ಕೋರ್ಟಿನ ಹಾಗೆ ತೀರ್ಪು ಕೊಡುವುದಿಲ್ಲ. ಇನ್ನೊಂದು, ಘಟನೆ ನಡೆದು ಒಂದು ವರ್ಷ ದಾಟಿದರೆ ವಿಚಾರಣೆ ಮಾಡುವಂತಿಲ್ಲ. ಗ್ಯಾಂಗ್ ಊರಿಗೆ ಹೋಗಿ, ಮತ್ತೊಂದು ಸೀಸನ್‌ಗೆ ಬರುವ ಹೊತ್ತಿಗೆ ಹಳೆ ವಿಷಯದ ಗಡುವು ಮುಗಿಯುತ್ತಾ ಬಂದಿರುತ್ತದೆ.

ಎನ್‌ಜಿಒ ಅಂದರೆ ಒಂದೇ ತರಹ ಅಲ್ಲ

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ಜಾಸ್ತಿ ಜನ ಹೋಗುವುದು ಈ ಕಡೆಗೇ.

ಮೊದಲನೆಯದು ಸದಸ್ಯರ ಸಂಘಟನೆಗಳು. ಜಯಪ್ರಕಾಶ ನಾರಾಯಣ ಅವರು 1976ರಲ್ಲಿ ಕಟ್ಟಿದ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಇದಕ್ಕೆ ಚೆನ್ನಾದ ಉದಾಹರಣೆ. ಸದಸ್ಯರ ದುಡ್ಡು, ಸದಸ್ಯರ ದುಡಿಮೆ. ಸಂಬಳ ಇಲ್ಲ. ಆದರೆ ಸತ್ಯಶೋಧನಾ ತಂಡದ ಜೊತೆ ಹೋದರೆ ಹಳೆ ಕೈಗಳು ಹೇಗೆ ಕೇಳುತ್ತಾರೆ, ಹೇಗೆ ಸುಮ್ಮನಿರುತ್ತಾರೆ ಅಂತ ಎದುರಿಗೇ ನೋಡಬಹುದು. ಇದು ನೌಕರಿ ಅಲ್ಲ, ನೌಕರಿಯ ಪಕ್ಕದಲ್ಲಿ ಇಟ್ಟುಕೊಳ್ಳುವ ಕೆಲಸ.

ಎರಡನೆಯದು ಜಿಲ್ಲೆಯ ಸಣ್ಣ ಸಂಸ್ಥೆಗಳು. ದೇವದಾಸಿ ಮಹಿಳೆಯರು, ಬಾಲ್ಯವಿವಾಹ, ಮಕ್ಕಳ ಶಾಲೆ, ಸಫಾಯಿ ಕೆಲಸ, ಮುಳುಗಡೆ ಸಂತ್ರಸ್ತರು, ಹೀಗೆ ಒಂದೊಂದು ವಿಷಯ ಹಿಡಿದವರು. ಇಲ್ಲಿ ಸಂಶೋಧನೆಗೆ ಅಂತಲೇ ಹುದ್ದೆ ಇರುವುದು ಅಪರೂಪ. 'ಪ್ರಾಜೆಕ್ಟ್ ಕೋ-ಆರ್ಡಿನೇಟರ್' ಅಂತ ಸೇರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಸಭೆ, ಮಧ್ಯಾಹ್ನ ಫೋಟೊ, ರಾತ್ರಿ ವರದಿ. ಊರು, ಜನ, ದಾರಿ ಎಲ್ಲ ಗೊತ್ತಾಗುತ್ತದೆ. ಆದರೆ ಬರೆದದ್ದನ್ನು ತಿದ್ದುವವರು ಇರುವುದು ಕಡಿಮೆ. ದುಡ್ಡು ಕೊಟ್ಟವರು ಎಷ್ಟು ಜನ ಬಂದರು ಅಂತ ಕೇಳುತ್ತಾರೆ, ಏನು ಸಾಬೀತಾಯಿತು ಅಂತ ಕೇಳುವುದಿಲ್ಲ.

ಮೂರನೆಯದು ಬೆಂಗಳೂರು, ದೆಹಲಿಯ ಸಂಶೋಧನಾ ಸಂಸ್ಥೆಗಳು. ಅಲ್ಲಿ ಸಂಪಾದಕರು ಇರುತ್ತಾರೆ, ಪ್ರತಿ ಸಾಲಿಗೂ ಆಧಾರ ಕೇಳುತ್ತಾರೆ. ಇಂಗ್ಲಿಷ್ ಬರಹ ಗಟ್ಟಿ ಇರಬೇಕು. ನಮ್ಮ ಕಡೆಯವರಿಗೆ ಇರುವ ಅನುಕೂಲ ಬೇರೆ. ಕನ್ನಡದ ಜೊತೆ ಮರಾಠಿ, ಕೆಲವರಿಗೆ ಲಂಬಾಣಿ, ಕೆಲವರಿಗೆ ಉರ್ದು. ಅರ್ಜಿಯಲ್ಲಿ ಇದನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಮೇಲೆ ಬರೆಯಿರಿ.

ಯಾವುದಕ್ಕೆ ಸೇರಿದರೂ ವಿದೇಶಿ ದೇಣಿಗೆಯ ಕಾನೂನು, ಅಂದರೆ ಎಫ್‌ಸಿಆರ್‌ಎ, ತಿಳಿದಿರಲಿ. 2020ರ ತಿದ್ದುಪಡಿ ಎರಡು ಕೆಲಸ ಮಾಡಿತು. ವಿದೇಶಿ ಹಣದಲ್ಲಿ ಆಡಳಿತ ಖರ್ಚಿನ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನು ನಿಲ್ಲಿಸಿತು. ಬೆಂಗಳೂರಿನ ದೊಡ್ಡ ಸಂಸ್ಥೆಯಿಂದ ಬಾಗಲಕೋಟೆಯ ಸಣ್ಣ ಸಂಸ್ಥೆಗೆ ಆ ಹಣ ಬರುವ ದಾರಿ ಹೀಗೆ ಮುಚ್ಚಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತನ್ನ ಬ್ಯಾಂಕ್ ಖಾತೆಗಳು ಸ್ಥಗಿತಗೊಂಡ ಮೇಲೆ ಭಾರತದ ಕೆಲಸ ನಿಲ್ಲಿಸಿತು. ದೊಡ್ಡ ಹೆಸರು ಅಂದ ಮಾತ್ರಕ್ಕೆ ನೌಕರಿ ಗಟ್ಟಿ ಅಂತ ಅಲ್ಲ.

ಹಾಗಾಗಿ ಸಂದರ್ಶನದಲ್ಲಿ ನೀವೂ ಕೇಳಿ. ಈ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ? ನನ್ನ ವರದಿ ಯಾರು ತಿದ್ದುತ್ತಾರೆ? ಹೇಳಿಕೆ ಕೊಟ್ಟವರ ಹೆಸರು, ಫೋಟೊ ಎಲ್ಲಿ ಇಡುತ್ತೀರಿ? ಮೂರನೆಯ ಪ್ರಶ್ನೆಗೆ 'ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಸಾಕು' ಅನ್ನುವ ಉತ್ತರ ಬಂದರೆ ಚಹಾ ಕುಡಿದು ಎದ್ದು ಬನ್ನಿ.

ಕೋರ್ಟಿನ ದಾರಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಚೆನ್ನಾದ ಪಾಠಶಾಲೆ. ಎದುರಿನ ವಕೀಲರಿಗಿಂತ ಕಠಿಣವಾಗಿ ನಿಮ್ಮ ಬರಹವನ್ನು ಇನ್ಯಾರು ಓದುತ್ತಾರೆ ಹೇಳಿ? ಡೈರಿಯ ಹಾಳೆಯ ಫೋಟೊ ಯಾವ ದಿನ ತೆಗೆದದ್ದು, ಯಾರ ಫೋನಿನಲ್ಲಿ, ಆ ಹೆಬ್ಬೆಟ್ಟು ಯಾರದ್ದು, ತೂಕದ ಚೀಟಿಯ ಗಾಡಿ ನಂಬರಿಗೂ ಈ ಗ್ಯಾಂಗಿಗೂ ಏನು ಸಂಬಂಧ? ಒಂದು ಸಲ ಈ ಪ್ರಶ್ನೆಗಳಿಗೆ ಸಿಕ್ಕಿದ ಸಂಶೋಧಕರು ಮುಂದೆ ಬರೆಯುವ ರೀತಿಯೇ ಬದಲಾಗುತ್ತದೆ.

ಕಾನೂನು ಓದಿದವರಿಗೆ ನಮ್ಮಲ್ಲಿ ಕಾಲೇಜುಗಳಿಗೆ ಬರ ಇಲ್ಲ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದ್ದು. ಬಾಗಲಕೋಟೆಯಲ್ಲಿ ಎಸ್.ಸಿ. ನಂದಿಮಠ ಕಾಲೇಜಿದೆ. ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಬೆಳಗಾವಿ, ಬಾಗಲಕೋಟೆಯವರಿಗೆ ಅದೇ ಪೀಠ. ವಿಜಯಪುರ ಜಿಲ್ಲೆ ಮಾತ್ರ ಕಲಬುರಗಿ ಪೀಠಕ್ಕೆ ಸೇರುತ್ತದೆ. ವಿಜಯಪುರದಲ್ಲಿ ಕೂತು ಧಾರವಾಡದ ಹಿರಿಯ ವಕೀಲರ ಹತ್ತಿರ ಸೇರುವ ಯೋಚನೆ ಇದ್ದರೆ ಇದನ್ನು ನೆನಪಿಡಿ. ನಿಮ್ಮ ಊರಿನ ಕೇಸು ಅಲ್ಲಿಗೆ ಬರುವುದಿಲ್ಲ.

ಕಾನೂನು ಓದದವರಿಗೂ ಒಂದು ಬಾಗಿಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಾಗಿ ಸೇರಬಹುದು. ಸಿಗುವುದು ದಿನದ ಗೌರವಧನ, ಅದೂ ಕಡಿಮೆಯೇ. ಆದರೆ ಪೊಲೀಸ್ ಠಾಣೆ, ಜೈಲು, ತಹಶೀಲ್ದಾರ್ ಕಚೇರಿಗೆ ಕಾಗದದೊಂದಿಗೆ ಹೋಗುವ ರೂಢಿ ಬೀಳುತ್ತದೆ. ನಮ್ಮ ಡೈರಿಯ ವಿಷಯದಲ್ಲಿ ಇದೇ ಬೇಗ ಕೆಲಸಕ್ಕೆ ಬರುವ ದಾರಿ. ಜೀತ ಬಿಡುಗಡೆಯ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ವರದಿ ಅಲ್ಲಿಗೆ ಮುಟ್ಟಿ ಪ್ರಮಾಣಪತ್ರ ಕೈಗೆ ಬಂದರೆ ಪುನರ್ವಸತಿ ಯೋಜನೆಯ ಹಣಕ್ಕೂ ದಾರಿಯಾಗುತ್ತದೆ. ತೊಂದರೆ ಏನಂದರೆ ಹೊಸ ವಕೀಲರಿಗೆ ಮೊದಲ ವರ್ಷಗಳಲ್ಲಿ ದುಡ್ಡು ಬರುವುದು ಕಷ್ಟ. ಮನೆಯಲ್ಲಿ ಅಪ್ಪ ಅಮ್ಮ, 'ಇನ್ನೂ ಎಷ್ಟು ದಿನಾ?' ಅಂತ ಕೇಳುವ ಕಾಲ ಅದು.

ವಿಶ್ವವಿದ್ಯಾಲಯ

ಯುಜಿಸಿ ನೆಟ್‌ನಲ್ಲಿ 'ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು' ಅಂತಲೇ ಒಂದು ವಿಷಯ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಶಿಷ್ಯವೇತನ, ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ನಮ್ಮ ಕಡೆ ಈ ಕ್ಷೇತ್ರದಲ್ಲಿ ಶುರುವಿನಲ್ಲೇ ಇಷ್ಟು ಖಚಿತ ದುಡ್ಡು ಬೇರೆ ಕಡೆ ಸಿಗುವುದು ಕಷ್ಟ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮನೆ ಹತ್ತಿರ. ಧಾರವಾಡದ ಸಿಎಂಡಿಆರ್ ಅನ್ನುವ ಸಂಶೋಧನಾ ಸಂಸ್ಥೆ ಕೂಡ ದೂರ ಏನಲ್ಲ.

ಇಲ್ಲಿ ಪ್ರಶ್ನೆ ಮಾಡುವವರು ಮಾರ್ಗದರ್ಶಕರು, ಆಮೇಲೆ ಪರೀಕ್ಷಕರು. ಒಳ್ಳೆಯ ಗೈಡ್ ಸಿಕ್ಕರೆ ಬಂಗಾರ. ಸಿಗದಿದ್ದರೆ ನಿಮ್ಮ ಪ್ರಬಂಧವನ್ನು ನಿಮ್ಮನ್ನು ಬಿಟ್ಟು ಬೈಂಡಿಂಗ್ ಅಂಗಡಿಯವರು ಮಾತ್ರ ನೋಡುತ್ತಾರೆ. ಪಿಎಚ್‌ಡಿಗೆ ಕಡಿಮೆ ಅಂದರೂ ಮೂರು ವರ್ಷ. ಡೈರಿಯ ಗ್ಯಾಂಗಿಗೆ ಅಷ್ಟರಲ್ಲಿ ಮೂರು ಸೀಸನ್ ಮುಗಿದಿರುತ್ತದೆ. ಆದರೆ ಮೂರು ಸೀಸನ್ನಿನ ಲೆಕ್ಕ ಒಟ್ಟಿಗೆ ಇಟ್ಟು ನೋಡುವ ಅವಕಾಶವೂ ಇಲ್ಲಿ ಮಾತ್ರ ಇರುವುದು. ಮುಂಗಡ ವರ್ಷದಿಂದ ವರ್ಷಕ್ಕೆ ಬೆಳೆಯಿತಾ, ತೀರಿತಾ? ಒಂದು ಸೀಸನ್ ನೋಡಿದವರು ಇದಕ್ಕೆ ಉತ್ತರ ಹೇಳಲಾರರು.

ಕಂಪನಿಯ ಕಡೆಯಿಂದ

ಇದಕ್ಕೆ ಮೂಗು ಮುರಿಯುವವರು ಜಾಸ್ತಿ. ನಾನು ಅಷ್ಟು ಬೇಗ ಬೇಡ ಅನ್ನುವುದಿಲ್ಲ. ವ್ಯಾಪಾರ ಮತ್ತು ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಮಾರ್ಗಸೂಚಿ ಬಂದದ್ದು 2011ರಲ್ಲಿ. ಷೇರುಪೇಟೆಯ ಮೊದಲ 1,000 ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ, ವ್ಯಾಪಾರದ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ ಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಅದರ ಐದನೇ ತತ್ವವೇ ಮಾನವ ಹಕ್ಕುಗಳು. ಸಕ್ಕರೆ, ಸಿಮೆಂಟು, ಫೌಂಡ್ರಿ, ವಿಜಯಪುರದ ದ್ರಾಕ್ಷಿ, ಇಳಕಲ್ಲಿನ ಗ್ರಾನೈಟು, ಎಲ್ಲಕ್ಕೂ ದೊಡ್ಡ ಖರೀದಿದಾರರಿಂದ ಕೂಲಿಯವರ ಬಗ್ಗೆ ಪ್ರಶ್ನೆ ಬರಬಹುದು. ಉತ್ತರ ಬರೆಯುವವರು ಬೇಕಲ್ವಾ?

ಸಂಬಳ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೂಲಿಯವರ ಗುಡಿಸಲ ಹತ್ತಿರ ನೀರು, ಶೌಚಾಲಯ ಬೇಗ ಆಗಬೇಕಾದರೆ ಕಂಪನಿಯೊಳಗಿನ ಒಂದು ಟಿಪ್ಪಣಿಗೆ ಇರುವ ಬಲ ಹೊರಗಿನ ಹತ್ತು ವರದಿಗೆ ಇರದಿರಬಹುದು. ಆದರೆ ಪ್ರಶ್ನೆ ಮಾಡುವವರು, ದುಡ್ಡು ಕೊಡುವವರು ಇಬ್ಬರೂ ಒಬ್ಬರೇ. ಡೈರಿಯ ಫೋಟೊ ನಿಮ್ಮದಲ್ಲ, ಕಂಪನಿಯದು. ಗೋಪ್ಯತೆಯ ಕರಾರಿಗೆ ಸಹಿ ಹಾಕಿರುತ್ತೀರಿ. 'ಮುಕಾದಮ ನಮ್ಮ ನೌಕರ ಅಲ್ಲ' ಅನ್ನುವ ಒಂದು ಸಾಲಿನಲ್ಲಿ ನಿಮ್ಮ ಇಡೀ ಅಧ್ಯಾಯ ಹೋಗಬಹುದು. ಬೇರೆ ಕಡೆ ಎರಡು ಮೂರು ವರ್ಷ ಪಳಗಿದ ಮೇಲೆ ಬಂದರೆ ಈ ಸಾಲಿಗೆ ಏನು ಉತ್ತರ ಕೊಡಬೇಕು ಅಂತ ಗೊತ್ತಿರುತ್ತದೆ. ಮೊದಲ ಕೆಲಸವಾಗಿ ನಾನು ಇದನ್ನು ಹೇಳುವುದಿಲ್ಲ.

ವಿಶ್ವಸಂಸ್ಥೆ, ಅಂತರರಾಷ್ಟ್ರೀಯ ಸಂಸ್ಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ನಾತಕೋತ್ತರ ಪದವಿ, ಅದರ ಮೇಲೆ ಅನುಭವ, ಒಳ್ಳೆಯ ಇಂಗ್ಲಿಷ್ ಕೇಳುತ್ತಾರೆ. ಅಲ್ಲಿಗೆ ಹೋಗುವವರೂ ಮೇಲಿನ ಯಾವುದಾದರೂ ದಾರಿಯಿಂದಲೇ ಹೋಗುತ್ತಾರೆ. ಅವರ ಕೈಪಿಡಿಗಳು ಮಾತ್ರ ಈಗಲೇ ಓದಿ. ಚಿತ್ರಹಿಂಸೆ ದಾಖಲಿಸಲು ಇಸ್ತಾಂಬುಲ್ ಪ್ರೋಟೊಕಾಲ್, ಮೊಬೈಲ್ ವಿಡಿಯೊ ಪರಿಶೀಲಿಸಲು ಬರ್ಕ್ಲಿ ಪ್ರೋಟೊಕಾಲ್. ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಕೂತು ಮಾಡುವ ಕೆಲಸವಾ, ತಿರುಗಾಡಿ ಮಾಡುವುದಾ?

ಸಂಸ್ಥೆ ಆರಿಸುವಷ್ಟೇ ಮುಖ್ಯ ಇದು. ಕೆಲವರಿಗೆ ಅಂಕಿಅಂಶ ಒಗ್ಗುತ್ತದೆ, ಕೆಲವರಿಗೆ ಜನ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ತಂದ 2022ರ ಜೈಲು ವರದಿಯಲ್ಲಿ ದೇಶದ ಕೈದಿಗಳಲ್ಲಿ ಶೇ 75.8ರಷ್ಟು ವಿಚಾರಣಾಧೀನರು ಅಂತ ಇದೆ. ಅದು ಡಿಸೆಂಬರ್ 31ರಂದು ಇದ್ದ ಲೆಕ್ಕ. ಆ ವರ್ಷ ಬೆಳಗಾವಿಯ ಹಿಂಡಲಗಾ ಜೈಲಿಗೆ ಬಂದು ಎರಡು ತಿಂಗಳಿಗೆ ಹೊರಗೆ ಹೋದವರು ಅದರಲ್ಲಿ ಕಾಣುವುದಿಲ್ಲ. ದೇವದಾಸಿ ಮಹಿಳೆಯರ ಸರ್ಕಾರಿ ಸಮೀಕ್ಷೆ 1993–94ರಲ್ಲಿ 22,873 ಜನರನ್ನು ಲೆಕ್ಕಕ್ಕೆ ತಂದಿತು. 2007–08ರದ್ದೂ ಸೇರಿ 46,660. ಮುತ್ತು ಕಟ್ಟುವುದು, ಅಂದರೆ ದೇವದಾಸಿಯಾಗಿ ಬಿಡುವುದು, 1982ರ ಕಾಯ್ದೆಯಿಂದ ಅಪರಾಧವಾಯಿತು. ಆ ಮೇಲೆ ಮುತ್ತು ಕಟ್ಟಿಸಿಕೊಂಡವಳು ಸಮೀಕ್ಷೆಯವರ ಮುಂದೆ ಬಂದು ಹೆಸರು ಬರೆಸುತ್ತಾಳಾ? ಯಲ್ಲಮ್ಮನ ಸವದತ್ತಿ ಕಡೆ ಓಡಾಡಿದವರಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. ಕೋಣೆಯಲ್ಲಿ ಕೂತವರಿಗೆ ಬರುವುದು ತಡ.

ಹಾಗಂತ ತಿರುಗಾಟ ಎಲ್ಲರಿಗೂ ಸಲೀಸಲ್ಲ. ನಮ್ಮ ಕಡೆ ಅಡ್ಡಹೆಸರು ಹೇಳಿದ ಕೂಡಲೇ ಜಾತಿ ಗೊತ್ತಾಗುತ್ತದೆ. ಎದುರಿನವರ ಮಾತು ಅಲ್ಲೇ ತಿರುಗುತ್ತದೆ ಇಲ್ಲ ನಿಲ್ಲುತ್ತದೆ. ಸಂಜೆ ಬಸ್ ತಪ್ಪಿದರೆ ಹುಡುಗಿಯರಿಗೆ ಉಳಿಯಲು ಜಾಗ ಬೇಕು. ನಿಮ್ಮೂರಿನ ಗೌಡರ ಹೊಲದ ಮೇಲೇ ವರದಿ ಬರೆದರೆ ಮನೆಯವರಿಗೆ ಬಿಸಿ ತಟ್ಟುತ್ತದೆ. ಮೊದಲ ವರ್ಷ ಪಕ್ಕದ ತಾಲ್ಲೂಕಿನಲ್ಲಿ ಕೆಲಸ ಮಾಡುವುದು ಒಳ್ಳೆಯದು. ಹೆದರಿಕೆಗಲ್ಲ, ನೆಂಟರ ಹಂಗಿಲ್ಲದೆ ಬರೆಯುವುದನ್ನು ಕಲಿಯಲು.

ಹಾಗಾದರೆ ಯಾರು ಎಲ್ಲಿಗೆ?

ಎಲ್‌ಎಲ್‌ಬಿ ಆಗಿದೆ, ಮನೆಯಿಂದ ಎರಡು ವರ್ಷ ಆಸರೆ ಇದೆ ಅಂದರೆ ಕೋರ್ಟು. ಎರಡನೇ ಮಾತೇ ಇಲ್ಲ. ಮನೆ ನಡೆಸುವ ಜವಾಬ್ದಾರಿ ಇದ್ದು ಪರೀಕ್ಷೆ ಬರೆಯುವ ತಾಳ್ಮೆ ಇದ್ದರೆ ಜೆಆರ್‌ಎಫ್. ಎಂಎಸ್‌ಡಬ್ಲ್ಯೂ ಆದವರು ಜಿಲ್ಲೆಯ ಸಂಸ್ಥೆಯಲ್ಲಿ ಒಂದು ವರ್ಷ ಸವೆಸಿ, ಅಲ್ಲಿನ ಅನುಭವ ಹಿಡಿದು ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ ಅರ್ಜಿ ಹಾಕಲಿ. ಸಣ್ಣ ಸಂಸ್ಥೆಯಲ್ಲೇ ಉಳಿಯುವ ಮನಸ್ಸಿದ್ದರೆ ಹೊರಗೆ ಒಬ್ಬ ಓದುಗರನ್ನು ಹುಡುಕಿಕೊಳ್ಳಿ, ವಕೀಲರೋ ಪ್ರಾಧ್ಯಾಪಕರೋ. ಪ್ರತಿ ವರದಿಯನ್ನೂ ಅವರಿಂದ ಕೆಂಪು ಗೆರೆ ಹಾಕಿಸಿಕೊಂಡೇ ಕಳಿಸಿ. ಆಯೋಗಕ್ಕೆ ಇಂಟರ್ನ್ ಆಗಿ ಹೋಗಿ ಬನ್ನಿ, ಅಲ್ಲೇ ಕಾಯಬೇಡಿ.

ಅರ್ಜಿ ಹಾಕುವ ಮೊದಲು ನಿಮ್ಮದೇ ಒಂದು ಮಾದರಿ ಬರಹ ಕೈಯಲ್ಲಿರಲಿ. ಅದಕ್ಕೆ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿಗಿಂತ ಅಗ್ಗದ ಸಾಧನ ಇಲ್ಲ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಇರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಕಳೆದ ಎರಡು ವರ್ಷದ ಸಭೆಗಳ ನಡಾವಳಿ ಕೇಳಿ. ಜನರ ಹೆಸರು ಕೇಳಬೇಡಿ, ದಿನಾಂಕ, ಸಂಖ್ಯೆ, ತೀರ್ಮಾನ ಕೇಳಿ. ಬಂದ ಹಾಳೆಗಳಿಂದ ನಾಲ್ಕು ಪುಟ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಮೇಲ್ಮನವಿಯ ಪ್ರತಿಯನ್ನೂ ಮಾದರಿ ಬರಹದ ಜೊತೆ ಲಗತ್ತಿಸಿ.